ಬೈಗುಳದ ಶನಿವಾರ

"ಬಾರೋ ಎರಡೇ, ಬಾರೋ ಎರಡೇ! ಗೊನ್ಪೋನ ಅಂಡು, ಕತ್ತೇ ಅಂಡು, ಮುತ್ತಿದೆ ನೋಡು ನೊಣದ ದಂಡು!"

ಇವತ್ತೊಂದು ದಿನ ಆಡಬೇಡಿ ಎಂದು ಜಿನ್ಪಾ ಕೈಮುಗಿದಿದ್ದರೂ ಥಾರ್ಗ್ಯೆ ಅಜ್ಜ ರಾಗವಾಗಿ ಕೂಗಿ, ಮರದ ಬಟ್ಟಲಲ್ಲಿ ದಾಳ ಕುಲುಕಿ, ಚರ್ಮದ ದಿಂಬಿನ ಮೇಲೆ ಧಡ್ ಎಂದು ಬೋರಲು ಬಡಿದ. ಸರಿಯಾಗಿ ಅದೇ ಹೊತ್ತಿಗೆ ಚರ್ಚಿನ ಡೋರೀನಮ್ಮ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದಳು, ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ. ಟೊರಾಂಟೊ ಜನರ ಈ ಹಾಳು ಅಭ್ಯಾಸ ಟಿಬೆಟನ್ ಸಂಘದ ಅಧ್ಯಕ್ಷ ಜಿನ್ಪಾನಿಗೆ ಇನ್ನೂ ಒಗ್ಗಿರಲಿಲ್ಲ.

ಎದುರು ಕೂತ ಗೊನ್ಪೋ ಸುಮ್ಮನಿದ್ದಾನೆಯೇ? ತೊಡೆ ತಟ್ಟಿಕೊಂಡು ಅಜ್ಜನ ಅತ್ತೆಯನ್ನೂ ಸೇರಿಸಿ ಇನ್ನೂ ಹೊಲಸಾದ ಪದ ಕಟ್ಟಿದ. ಟಿಬೆಟಿನ ಈ ಶೋ ಎಂಬ ದಾಳದಾಟವೇ ಹಾಗೆ. ಬಾಯಿ ಮುಚ್ಚಿಕೊಂಡು ದಾಳ ಎಸೆಯುವವನನ್ನು ಅದರಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ.

ಜಿನ್ಪಾನ ಜೀವ ಬಾಯಿಗೆ ಬಂತು. ಕೆಳಗೆ ವಿಪರೀತ ಗಲಾಟೆ ಎಂದು ಚರ್ಚಿಗೆ ದೂರು ಹೋಗಿತ್ತು. ಸಂಘಕ್ಕೆ ಕೊಟ್ಟ ಈ ಹಾಲ್ ಬಿಡಿಸುವುದೋ, ಇರಗೊಡುವುದೋ ನೋಡಲೆಂದೇ ಡೋರೀನಮ್ಮ ಬಂದಿದ್ದಳು. ಬಿಡಿಸಿದರೆ ಹೊಸದಾಗಿ ಬಂದಿಳಿದವರ ಇಂಗ್ಲಿಷ್ ಪಾಠ, ಮಕ್ಕಳ ಕುಣಿತ, ಮುದುಕರ ಶನಿವಾರ, ಎಲ್ಲ ಹಿಮ ಬಿದ್ದ ಬೀದಿಗೆ.

ಆದರೆ ಡೋರೀನಮ್ಮ ಹೆಜ್ಜೆಯ ಸದ್ದೂ ಆಗದಂತೆ ಬಂದು ಕುರ್ಚಿಯಲ್ಲಿ ಕೂತಳು. ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಮುದುಕರು ಒಬ್ಬರನ್ನೊಬ್ಬರು ಜಾಡಿಸಿ ಮುಗಿಸುವ ಹೊತ್ತಿಗೆ ಅವಳ ಕೆನ್ನೆ ಒದ್ದೆಯಾಗಿತ್ತು.

"ಎಂಥ ಮಂತ್ರ!" ಎಂದಳು. "ಅರ್ಥ ಏನು?"

ಜಿನ್ಪಾ ಕೈ ಜೋಡಿಸಿದ. "ಸಕಲ ಜೀವಿಗಳಿಗೂ ಶಾಂತಿ ಸಿಗಲಿ ಅಂತ. ನೊಣಗಳನ್ನೂ ಬಿಟ್ಟಿಲ್ಲ, ಮೇಡಂ."

"ಇದನ್ನ ಗಲಾಟೆ ಅಂತಾರಾ? ಹಾಲ್ ನಿಮ್ಮದೇ. ಮುಂದಿನ ಶನಿವಾರ ನಮ್ಮವರನ್ನೂ ಕರ್ಕೊಂಡ್ ಬರ್ತೀನಿ."

ಅವಳು ಹೋದ ಮೇಲೆ ಜಿನ್ಪಾ ವಿಷಯ ಹೇಳಿದ. ಗೊನ್ಪೋ ಬಿದ್ದು ಬಿದ್ದು ನಕ್ಕ. ಅಜ್ಜ ಮಾತ್ರ ಮುಖ ಗಂಟಿಕ್ಕಿದ.

"ಅಧ್ಯಕ್ಷ ಆಗಿ ಇಂಥ ಸುಳ್ಳಾ? ನಾವು ಬೈದದ್ದಾದ್ರೂ ನಿಜವಾಗಿ ಬೈದ್ವಿ."

"ಸುಳ್ಳಿಂದ ಸೂರು ಉಳೀತಲ್ಲ ಅಜ್ಜ, ಸುಮ್ನಿರಿ."

ಮುಂದಿನ ಶನಿವಾರ ಹಾಲ್ ತುಂಬಿತು. ಯೋಗದ ಚಾಪೆ ಹಾಸಿಕೊಂಡು, ಚಕ್ಕಳಮಕ್ಕಳ ಕೂತು, ಎಲ್ಲರೂ ಕಣ್ಣು ಮುಚ್ಚಿದರು. ಯಾರೋ ಊದುಬತ್ತಿ ಬೇರೆ ಹಚ್ಚಿದರು. ಅಜ್ಜ ಬಟ್ಟಲೆತ್ತಿ ಗೊನ್ಪೋನ ಮುಖ ನೋಡಿದ, ಬಾಯಿ ತೆರೆದ. ಒಂದು ಪದವೂ ಹೊರಡಲಿಲ್ಲ. ಸುತ್ತ ಅಷ್ಟೊಂದು ಭಕ್ತಿ ಇಟ್ಟುಕೊಂಡು ಗೆಳೆಯನ ಅಂಡನ್ನು ಆಡಿಕೊಳ್ಳುವುದಾದರೂ ಹೇಗೆ? ಬಟ್ಟಲನ್ನು ಮಲಗಿದ ಮಗುವಿನಂತೆ ಮೆಲ್ಲಗೆ ಕೆಳಗಿಟ್ಟ. ದಾಳದಲ್ಲಿ ಏನು ಬಿತ್ತೆಂದು ಎತ್ತಿಯೂ ನೋಡಲಿಲ್ಲ.

"ಕೂಗಿ ಅಜ್ಜ, ಕಾಯ್ತಿದಾರೆ," ಜಿನ್ಪಾ ಕಿವಿಯಲ್ಲಿ ಗೋಗರೆದ.

"ಇವರಿಗೇನು ಬೇಕಂತೆ?"

"ಶಾಂತಿ ಬೇಕಂತೆ."

"ಕೊಡು ಮಾರಾಯ, ಎಷ್ಟು ಬೇಕೋ ಅಷ್ಟು ಕೊಡು," ಅಜ್ಜ ಮಂಡಿ ಹಿಡಿದುಕೊಂಡು ಎದ್ದ. "ನಾವು ಜಗಳ ಆಡೋಕೆ ಎಲ್ಲಿಗೆ ಹೋಗ್ಬೇಕು, ಅದನ್ನ ಹೇಳು."