ಹುಲ್ಲಿಗೆ ಊರದ ಬೆರಳು

ಎದುರು ಸಾಲಿನ ದಢೂತಿ ಆಟಗಾರ ಬಗ್ಗಿ ನಿಂತಿದ್ದರೂ ಅವನ ಬೆರಳು ಹುಲ್ಲಿಗೆ ಬರೀ ತಾಗಿತ್ತು, ಊರಿರಲಿಲ್ಲ. ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಲವೆಲ್ ಅದನ್ನೇ ದಿಟ್ಟಿಸಿದ. ಚೆಂಡು ಇನ್ನೊಂದು ಗಜ ದಾಟಿದರೆ ಪಂದ್ಯ ಎದುರಾಳಿಗಳದು. ನಾಯಕನ ಮಂಡಿ ತಿರುಚಿದ್ದರಿಂದ, ಕಾಲೇಜಿನ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಲವೆಲ್ ಮೊದಲ ಸಲ ಕಣಕ್ಕಿಳಿದಿದ್ದ.

“ಚೆಂಡು ಹಿಡ್ಕೊಂಡು ನುಗ್ತಾರೆ ಕಣೋ, ಮುಂದೆ ಬಾ!” ಪಕ್ಕದ ಓಡೆಲ್ ಅರಚಿದ.

“ಇಲ್ಲ ಮಾರಾಯ, ಎಸೀತಾರೆ. ನುಗ್ಗೋನು ಕೈ ಊರಿ ನಿಲ್ತಾನೆ!”

“ತಪ್ಪಾದ್ರೆ ನಿನ್ನ ಇಲ್ಲೇ ಹೂತ್‌ಬಿಡ್ತೀನಿ!”

ಲವೆಲ್ ಹಿಂದಕ್ಕೆ ಹಾರಿದ. ಚೆಂಡು ಅವನ ತಲೆಯ ಮೇಲಿಂದ ದಾಟುವುದರಲ್ಲಿತ್ತು. ನೆಗೆದು ಎದೆಗವಚಿಕೊಂಡು ಬಿದ್ದ. ಎಂಬತ್ತು ಸಾವಿರ ಜನ ಹುಚ್ಚೆದ್ದು ಕೂಗಿದರು. ಓಡೆಲ್ ಅವನ ಮೇಲೆ ಬಿದ್ದ, ಓಡೆಲ್ ಮೇಲೆ ಇಡೀ ತಂಡ.

“ಹೆಂಗೋ ಗೊತ್ತಾಯ್ತು, ಕಳ್ಳ?”

ಬಾಯಿತುಂಬ ಹುಲ್ಲು, ಉಸಿರಿಲ್ಲ, ಆದರೂ ಲವೆಲ್‌ಗೆ ನಗು ತಡೆಯಲಾಗಲಿಲ್ಲ.

“ನಾಲ್ಕು ವರ್ಷ ಬೆಂಚ್ ಮೇಲೆ ಕೂತು ಇನ್ನೇನ್ ನೋಡ್ತಿದ್ದೆ ಅನ್ಕೊಂಡೆ?”