ಮೂವತ್ತು ಮುಖವಾಡ

ನಮ್ಮದು ದೆವ್ವದ ಸಿನಿಮಾ ನೋಡುವವರ ಸಂಘ. ಹಳೆಯ ರಕ್ತಪಿಶಾಚಿ ಮೇಲೋ, ಈಗಿನ ಕಂಪ್ಯೂಟರ್ ರಾಕ್ಷಸ ಮೇಲೋ ಎಂದು ಪ್ರತಿ ಭಾನುವಾರ ಜಗಳ. ಒಂದು ಮಾತನ್ನು ಮಾತ್ರ ಎಲ್ಲರೂ ಒಪ್ಪುತ್ತಿದ್ದೆವು: ಚಿಕ್ಕಂದಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ನೋಡಿದ ಒಂದು ಚಿತ್ರದ ಪಿಶಾಚಿಯನ್ನು, ಕರಗಿದ ಮೇಣದಂಥ ಆ ಮುಖವನ್ನು, ಯಾವ ಕಂಪ್ಯೂಟರೂ ಮೀರಿಸಿಲ್ಲ.

ಆ ಪಾತ್ರ ಮಾಡಿದವರ ನಂಬರು ಸಿಕ್ಕಿದಾಗ ನಾನೇ ಫೋನ್ ಮಾಡಿದೆ.

"ಸರ್, ನಮ್ಮ ಸಂಘಕ್ಕೆ ಬರ್ಬೇಕು. ಆ ಮೇಕಪ್ ಯಾರು ಮಾಡಿದ್ದು ಅಂತ ಹೇಳ್ಬೇಕು."

"ಬಂದು ಹೇಳ್ತೀನಿ," ಎಂದರು.

ಅವರ ಗೌರವಕ್ಕೆಂದು ಅದೇ ಮುಖದ ಮೂವತ್ತು ರಟ್ಟಿನ ಮುಖವಾಡ ಮಾಡಿಸಿದೆ. ಆ ಯೋಚನೆ ನನ್ನದೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಎಲ್ಲರೂ ಹಾಕಿಕೊಂಡು ಬಾಗಿಲಲ್ಲಿ ಸಾಲಾಗಿ ನಿಂತೆವು. ಅವರು ಆಟೋದಿಂದ ಇಳಿದು, ನಮ್ಮನ್ನು ನೋಡಿ, ಅಲ್ಲೇ ನಿಂತುಬಿಟ್ಟರು.

ನಾನು ಹಾರ ಹಿಡಿದು ಓಡಿದೆ. "ಅರೆ, ನೀವೂ ಹಾಕ್ಕೊಂಡೇ ಬಂದ್ರಾ ಸರ್! ಒಂದ್ನಿಮಿಷ ತೆಗೀರಿ, ಫೋಟೋ ತೆಗೀಬೇಕು."

ಅವರು ಮೆಲ್ಲಗೆ ಕೆನ್ನೆ ಮುಟ್ಟಿಕೊಂಡರು.

"ಮೇಕಪ್ ಯಾರು ಮಾಡಿದ್ದು ಅಂತ ಕೇಳಿದ್ರಲ್ಲ? ಯಾರೂ ಮಾಡಿಲ್ಲಪ್ಪ. ನನ್ನ ಮುಖಾನೇ ಇದು."