ನಕಲು ಪರೀಕ್ಷೆ

ಸ್ಥಾಪಕರು ಬರೆದ ಪೈಲ್ವಾನನ ಚಿತ್ರವನ್ನು ನಕಲು ಮಾಡಿ, ಮೂಲಚಿತ್ರದ ಪಕ್ಕದಲ್ಲೇ ತೂಗುಹಾಕುವುದು ಆ ಕಲಾಶಾಲೆಯ ಕೊನೆಯ ಪರೀಕ್ಷೆ. ಶಾಂಭವಿ ಎರಡು ಸಲ ಫೇಲಾಗಿದ್ದಳು.

“ನಿನ್ನ ಪೈಲ್ವಾನ ಅಜೀರ್ಣ ಆದೋನ ಥರ ಇದಾನೆ ಕಣೇ. ನೋಡಿದೋರು ಇದೇ ಅಸಲಿ ಅಂತ ನಂಬಬೇಕು,” ಎಂದಿದ್ದರು ಮೇಷ್ಟ್ರು.

ಮೂರನೆಯ ಪರೀಕ್ಷೆಯ ದಿನ ಮಂತ್ರಿಗಳ ಪಿಎ ನುಗ್ಗಿದ. ಗೋಡೆಯ ತುಂಬ ಪೈಲ್ವಾನರು!

“ಸಾಹೇಬ್ರ ಬಂಗಲೆಗೆ ಒರಿಜಿನಲ್ ಬೇಕು. ಯಾವುದ್ರೀ ಅದು?”

ಶಾಂಭವಿ ಓಡಿಹೋಗಿ ಒಂದು ಚಿತ್ರಕ್ಕೆ ಅಡ್ಡ ನಿಂತಳು. “ಇದು ಶಾಲೆಯ ಆಸ್ತಿ. ಮುಟ್ಟಿ ನೋಡೋಣ!”

“ಗೊತ್ತಾಯ್ತು ಬಿಡಮ್ಮ,” ಎಂದು ನಗುತ್ತಾ ಅವನು ಅದನ್ನೇ ಕಿತ್ತುಕೊಂಡು ಹೊರಟ.

ಕಾರು ಗೇಟು ದಾಟಿದ ಮೇಲೆ ಮೇಷ್ಟ್ರು ಖಾಲಿ ಮೊಳೆಯತ್ತ ನೋಡಿ, “ಶಾಂಭವಿ, ಈ ಸಲ ಪಾಸು ಕಣೇ,” ಎಂದರು.